ಶುಕ್ರವಾರ ಮನೆಯಲ್ಲೇ ಉಳಿದ ರೊಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿಳೂರಿನ ಗಿರಣಿ ಓಣಿಯಲ್ಲಿ ಜೋಳದ ಕಣಿಕೆ ಹೇರಿಕೊಂಡ ಟ್ರ್ಯಾಕ್ಟರೊಂದು ಗುಡುಗುಡು ಅನ್ನುತ್ತ ಬರುತ್ತಿದೆ. ಹೇರು ಮಾಳಿಗೆಯ ಎತ್ತರಕ್ಕಿದೆ. ಓಣಿಗೆ ಅಡ್ಡ ಜೋತುಬಿದ್ದ ಟೀವಿ ಕೇಬಲ್ಲಿನ ಕೆಳಗೆ ಸುಮನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉದ್ದನೆಯ ದೋಟಿ ಹಿಡಿದು ನಿಂತಿದ್ದಾರೆ. "ಸಾವಕಾಶ ಬಾರೋ ತಮ್ಮಾ, ಹಳ್ಳಿ ಟೀವಿ ಎಲ್ಲ ಕತ್ತಲಿ ಮಾಡ್ತಿ!" ಎಂದು ಕೂಗುತ್ತ ದೋಟಿಯ ಕೊಕ್ಕೆಯಿಂದ ಕೇಬಲ್ ಮೇಲೆತ್ತುತ್ತಾರೆ. ಹೇರು ಕೆಳಗಿಂದ ನುಸುಳಿ ಹೋಗುತ್ತದೆ. ಒಂದಿಷ್ಟು ಕಣಿಕೆಯ ರವದಿ ಅವರ ತಲೆಯ ಮೇಲೆ ಉದುರುತ್ತದೆ. ಅದನ್ನು ಕೊಡವಿಕೊಂಡು, ನಿಚ್ಚಣಿಕೆ ತಂದು, ಕೇಬಲ್ಲನ್ನು ಗೋಡೆಯ ಗೂಟಕ್ಕೆ ಬಿಗಿದು ಕಟ್ಟುತ್ತಾರೆ.

"ಈ ದೋಟಿ ನಮ್ಮನಿಯವರದ್ರಿ. ಕುರಿಗೆ ಜಾಲಿಕಾಯಿ ಉದುರಸೂದು. ನಾ ಟೀವಿಗೆ ಹಚ್ಚೇನಿ" ಎಂದು ನಗುತ್ತಾರೆ.

ಮನೆಯವರು ಅಂದರೆ ಗಂಡ ಅಮೋಘಸಿದ್ದಪ್ಪ. ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಊರ ಮುಖ ನೋಡುವುದಿಲ್ಲ. ಹೊಲ ಇದೆ, ಆದರೆ ಅದು ಮಳೆಯ ಮರ್ಜಿಯ ಹೊಲ. ಆರು ವರ್ಷದ ಹಿಂದೆ ಜತ್ತದ ಕೇಬಲ್ ಆಫೀಸಿನ ಮಾಲೀಕ ಶಿವಶರಣ ಅವರು ಬಿಳೂರಿಗೆ ವಸೂಲಿಯ ಆಳು ಹುಡುಕುತ್ತಿದ್ದರು. ಗಂಡಸರು ಬಂದರೆ ಮಧ್ಯಾಹ್ನ ಮನೆಯಲ್ಲಿರುವ ಹೆಂಗಸರು ಬಾಗಿಲ ಸಂದಿಯಿಂದಲೇ "ನಮ್ಮನಿಯವರಿಲ್ಲರಿ" ಎಂದು ಕಳಿಸಿಬಿಡುತ್ತಿದ್ದರು. ಸುಮನ ಹೋದರೆ ಚಹಾ ಕೊಟ್ಟು, ಡಬ್ಬಿಯ ತಳದಿಂದ ದುಡ್ಡು ತೆಗೆದು ಕೊಟ್ಟರು. ಹಾಗೆ ಈ ಕೆಲಸ ಅವರದಾಯಿತು. ಕೇಬಲ್ ಎತ್ತುವುದು, ಕಟ್ಟುವುದು, ಟೀವಿಯ ಡಬ್ಬಾ ಕೈಕೊಟ್ಟರೆ ಬಿಚ್ಚಿ ಜೋಡಿಸುವುದು ಆಮೇಲೆ ಒಂದೊಂದಾಗಿ ಕೊರಳಿಗೆ ಬಿದ್ದವು. ಪಗಾರ ಮಾತ್ರ ಇವತ್ತಿಗೂ ವಸೂಲಿಯದಷ್ಟೇ.

ಈಗ ಎಲ್ಲರೂ ಫೋನಿನಲ್ಲಿ ದುಡ್ಡು ಕಟ್ಟುತ್ತಾರಲ್ಲ ಎಂದು ಕೇಳಬಹುದು. ಸೊಸೆಯಂದಿರು ಕಟ್ಟುತ್ತಾರೆ. ಅತ್ತೆಯಂದಿರು ಕಟ್ಟುವುದಿಲ್ಲ. ಅವರಿಗೆ ದುಡ್ಡು ಅಂದರೆ ಕೈಯಿಂದ ಕೈಗೆ ಹೋಗಬೇಕು, ಅದೂ ಹೊತ್ತು ನೋಡಿ ಹೋಗಬೇಕು. ಸಂಜೆ ದೀಪ ಹಚ್ಚಿದ ಮೇಲೆ ಕೊಡುವ ಹಾಗಿಲ್ಲ. ಶುಕ್ರವಾರವಂತೂ ಸತ್ತರೂ ಇಲ್ಲ, ಅವತ್ತು ಮನೆಯ ಲಕ್ಷ್ಮಿ ಹೊಸ್ತಿಲು ದಾಟಬಾರದು. ಸುಮನರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಮನೆಯಲ್ಲೂ ಅದೇ ನೇಮ.

ಆ ನೇಮವೇ ಎರಡು ತಿಂಗಳ ಹಿಂದೆ ಅವರ ಮಾನಕ್ಕೆ ಕುತ್ತು ತಂದಿತು.

ಕೇಬಲ್ ದುಡ್ಡು ಆಫೀಸು ಮುಟ್ಟಬೇಕಾದ ಗಡುವು ಹತ್ತನೇ ತಾರೀಖು. ಆ ಸಲ ಅದು ಶುಕ್ರವಾರ ಬಿತ್ತು. ಗುರುವಾರ ಸಂಜೆಯ ಹೊತ್ತಿಗೆ ಸುಮನ ಓಣಿಯ ಎಲ್ಲ ಮನೆಗಳ ವಸೂಲಿ ಮುಗಿಸಿದ್ದರು. ಜತ್ತಕ್ಕೆ ಹೋಗುವ ಎಸ್‌ಟಿ ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು. ದುಡ್ಡಿನ ಚೀಲ ದೇವರ ಜಗಲಿಯ ಮೇಲೆ ಕೂತಿತು. ಮರುದಿನ ಶುಕ್ರವಾರ, ಅದನ್ನು ಎತ್ತಿಕೊಂಡು ಹೊಸ್ತಿಲು ದಾಟಲು ಅವರಿಗೆ ಮನಸ್ಸು ಬರಲಿಲ್ಲ. ಶನಿವಾರ ಹೋಗಿ ಕಟ್ಟಿದರು. ಮೊದಲೆಲ್ಲ ಒಂದೆರಡು ದಿನ ಹಿಂದೆಮುಂದೆ ಆದರೂ ಯಾರೂ ತಕರಾರು ಮಾಡುತ್ತಿರಲಿಲ್ಲ. ಕೌಂಟರಿನಲ್ಲಿ ಕೂರುವ ಮಹಾಂತ ಅವತ್ತೂ ಏನೂ ಅನ್ನದೆ ದುಡ್ಡು ಎಣಿಸಿಕೊಂಡ.

ಊರು ಮರಾಠಿ ರಾಜ್ಯದ ಗಡಿಯೊಳಗಿರುವುದರಿಂದ ಬಿಲ್ಲು ಬರುವುದು ಮರಾಠಿಯಲ್ಲಿ. ಮುಂದಿನ ತಿಂಗಳ ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚಾಗಿತ್ತು. 'ವಿಲಂಬ ಆಕಾರ', ಅಂದರೆ ತಡ ಮಾಡಿದ್ದಕ್ಕೆ ದಂಡ. ಗಿರಣಿ ಓಣಿಯ ರುಕ್ಮವ್ವನ ಮನೆಯಲ್ಲಿ ಮರಾಠಿ ಸಾಲಿ ಕಲಿತ ಸೊಸೆ ಮನಿಷಾ ಅದನ್ನು ಓದಿ ಹೇಳಿದಳು. ಮೊತ್ತ ದೊಡ್ಡದೇನಲ್ಲ, ಎರಡು ಸಲ ಚಹಾ ಕುಡಿದರೆ ಮುಗಿದುಹೋಗುವಷ್ಟು. ಆದರೆ ರುಕ್ಮವ್ವ ಎಪ್ಪತ್ತು ದಾಟಿದ ಹೆಂಗಸು, ಈ ತನಕ ಯಾರ ಹತ್ತಿರವೂ ತಡ ಮಾಡಿದಳು ಅನ್ನಿಸಿಕೊಂಡವರಲ್ಲ.

"ಗುರುವಾರ ನಿನ್ನ ಕೈಯಾಗ ಇಟ್ಟೇನಿ. ತಡ ಹ್ಯಾಂಗಾತು? ನಡುವ ಎಲ್ಲಿ ತಿರಗತಿತ್ತು ನನ್ನ ರೊಕ್ಕ?"

ಸುಮನ ಇದ್ದದ್ದು ಇದ್ದ ಹಾಗೆ ಹೇಳಿದರು. ರುಕ್ಮವ್ವ ಅದಕ್ಕೆ ಕೊಟ್ಟ ಉತ್ತರ ಅವರಿಗೆ ಇನ್ನೂ ಬಾಯಿಪಾಠ ಇದೆ: "ನಿನ್ನ ಲಕ್ಷ್ಮಿ ಆಗಿದ್ದರ ನಿನ್ನ ಮನ್ಯಾಗ ಕುಂದ್ರಲಿ. ಅಕಿ ನನ್ನ ಲಕ್ಷ್ಮಿ. ನಿನ್ನ ಜಗಲಿ ಮ್ಯಾಲ ಅಕಿನ್ನ ಕುಂದ್ರಿಸಿ ದಂಡ ನಂಗ ಹಾಕಸ್ತೀ?"

"ಅಕಿ ಮಾತಿನ್ಯಾಗ ಖರೇ ಇತ್ರಿ" ಎನ್ನುತ್ತಾರೆ ಸುಮನ.

ರುಕ್ಮವ್ವ ದಂಡ ಕಟ್ಟಲಿಲ್ಲ. ಬಾಕಿ ಉಳಿದ ಮನೆಯ ಟೀವಿ ಆಫೀಸಿನಿಂದಲೇ ಬಂದಾಗುತ್ತದೆ. ಮಧ್ಯಾಹ್ನದ ಧಾರಾವಾಹಿಗೆ ಅಕ್ಕಪಕ್ಕದ ಹೆಂಗಸರು ತುಂಬುತ್ತಿದ್ದ ಅವರ ಪಡಸಾಲೆ ಖಾಲಿ ಬಿತ್ತು. ಧಾರಾವಾಹಿ ಇಲ್ಲದ ಬಾಯಿಗಳಿಗೆ ಸುಮನರೇ ಧಾರಾವಾಹಿಯಾದರು. ಎರಡೇ ದಿನದಲ್ಲಿ ಗಿರಣಿಯಲ್ಲಿ ಹಿಟ್ಟಿಗೆ ನಿಂತವರೆಲ್ಲ "ಸುಮನಾ ರೊಕ್ಕ ತಿರುಗಿಸ್ಯಾಳಂತ" ಎನ್ನತೊಡಗಿದರು, ಅಂದರೆ ತನ್ನ ಕೆಲಸಕ್ಕೆ ಬಳಸಿಕೊಂಡಳು ಎಂದು. ಕೆಲವರು ದಂಡ ಕಟ್ಟಿದರು. ಮೊದಲು "ಬಾ, ಕುಂದ್ರು" ಅನ್ನುತ್ತಿದ್ದ ಮನೆಗಳಲ್ಲಿ ಈಗ ಹೊಸ್ತಿಲಾಚೆ ನಿಲ್ಲಿಸಿ ದುಡ್ಡು ಚಾಚುತ್ತಿದ್ದರು. ದುಡ್ಡು ಕೊಟ್ಟದ್ದಕ್ಕೆ ಬರೆದುಕೊಡುವ ಚೀಟಿಗೆ ಇಲ್ಲಿ ಪಾವತಿ ಅನ್ನುತ್ತಾರೆ. ಆರು ವರ್ಷದಲ್ಲಿ ಒಮ್ಮೆಯೂ ಅದನ್ನು ಕೇಳದ ರುಕ್ಮವ್ವ, ಹೊಸ ತಿಂಗಳ ಬಾಬತ್ತು ಕೊಡುವಾಗ ಮೊದಲು ಪಾವತಿ ಈಸಿಕೊಂಡು ಆಮೇಲೆ ನೋಟು ಬಿಟ್ಟರು.

ದಂಡವನ್ನು ತಾವೇ ಕೈಯಿಂದ ಕಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿರಲಿಲ್ಲವೇ?

"ಮುಗೀತಿತ್ರಿ. ನನ್ನ ಹೆಸರೂ ಮುಗೀತಿತ್ತು" ಎನ್ನುತ್ತಾರೆ. "ತಿಂದಿದ್ದಳು, ಸಿಕ್ಕಬಿದ್ದಳು, ಕೊಟ್ಟಳು ಅಂತಿದ್ರು." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತಿತ್ತು ಎಂಬುದು ಅವರ ಲೆಕ್ಕ. ಹೆಸರು ಕೆಟ್ಟರೆ ಈ ಕೆಲಸ ಇಲ್ಲ. ಬಾಗಿಲು ತೆರೆಯದ ಊರಿನಲ್ಲಿ ವಸೂಲಿ ಮಾಡುವುದು ಹೇಗೆ?

ಜತ್ತಕ್ಕೆ ಹೋದರು. ಮಹಾಂತ ಕಂಪ್ಯೂಟರಿನ ಪರದೆಯಿಂದ ಕಣ್ಣೆತ್ತಲಿಲ್ಲ. "ಹತ್ತನೇ ತಾರೀಖಿನ ಮ್ಯಾಲ ಬಂದದ್ದು ಲೇಟ. ಹೊಸ ನಿಯಮ. ಮಿಶನ್ ಹಾಕತೈತಿ ಅಕ್ಕಾ, ನಾ ಅಲ್ಲ. ಬೋರ್ಡ್ ಹಚ್ಚೇವಲ್ಲ?" ಬೋರ್ಡು ಇತ್ತು, ಬಾಗಿಲ ಹಿಂದೆ. ಬಾಗಿಲು ಮುಚ್ಚಿದಾಗ ಮಾತ್ರ ಕಾಣುತ್ತಿತ್ತು, ಆಫೀಸಿನ ಬಾಗಿಲು ಹಗಲಿಡೀ ತೆರೆದೇ ಇರುತ್ತದೆ. ಮಾಲೀಕರು ಎಂದು ಸಿಗುತ್ತಾರೆ ಎಂದು ಕೇಳಿದಾಗ ಅವನು, "ಶುಕ್ರವಾರ ಪೂಜಿಗೆ ಬರ್ತಾರ" ಎಂದ.

ಶುಕ್ರವಾರ ಮೊದಲ ಬಸ್ಸಿಗೇ ಹೊರಟರು. ಬರಿಗೈಯಲ್ಲಿ. ಟಿಕೀಟಿನ ದುಡ್ಡನ್ನು ಗುರುವಾರವೇ ಇಂಥ ನೇಮ ಹಿಡಿಯದ ಪಕ್ಕದ ಮನೆಯ ಮಂಗಲಳ ಕೈಗೆ ಕೊಟ್ಟು ಅವಳನ್ನೂ ಜೊತೆಗೆ ಕರೆದುಕೊಂಡಿದ್ದರು. ನೇಮ ಅಂದರೆ ನೇಮ. ಆಫೀಸಿನಲ್ಲಿ ಶಿವಶರಣ ಹಣೆತುಂಬ ವಿಭೂತಿ ಹಚ್ಚಿ, ದುಡ್ಡಿನ ಗಲ್ಲೆಗೆ ಚೆಂಡುಹೂ ಏರಿಸಿ ಊದುಬತ್ತಿ ಬೆಳಗುತ್ತಿದ್ದರು. ಸುಮನ ಪೂಜೆ ಮುಗಿಯುವ ತನಕ ಕಾದರು, ಬೆಲ್ಲದ ಪ್ರಸಾದ ಕಣ್ಣಿಗೊತ್ತಿಕೊಂಡರು, ಆಮೇಲೆ ಕೇಳಿದರು.

"ಸಾವಕಾರ್ರ, ನನ್ನ ಪಗಾರದ ದಿನಾ ಶುಕ್ರವಾರ ಬಂದ್ರ ಯಾವಾಗ ಕೊಡ್ತೀರಿ?"

"ಶನಿವಾರ. ಶುಕ್ರವಾರ ಹ್ಯಾಂಗ ಕೊಡ್ಲಿಕ್ಕಾಗ್ತದ ಯವ್ವಾ? ನಿನಗ ಗೊತ್ತಿಲ್ಲೇನು?"

"ಗೊತ್ತೈತ್ರಿ. ಆರು ವರ್ಷದಾಗ ನಾ ಒಮ್ಮೆರ ನಿಮಗ ಲೇಟ್ ಚಾರ್ಜ್ ಹಾಕೇನೇನ್ರಿ?"

ಮಂಗಲ ಹೇಳುವ ಪ್ರಕಾರ, ಮಹಾಂತನ ಬೆರಳುಗಳು ಕೀಲಿಮಣೆಯ ಮೇಲೇ ನಿಂತುಬಿಟ್ಟವು. ಬೈಯುತ್ತಾರೇನೋ ಎಂದುಕೊಂಡರು ಸುಮನ. ಶಿವಶರಣ ಬೈಯಲಿಲ್ಲ. ಏನಾಗಿದೆ ಎಂದು ಪೂರ್ತಿ ಕೇಳಿಸಿಕೊಂಡರು. "ಮಹಾಂತಾ, ಬಿಳೂರಿನ ದಂಡ ಎಲ್ಲಾ ತಗದು ಹಾಕು. ರುಕ್ಮವ್ವನ ಟೀವಿ ಚಾಲೂ ಮಾಡು. ಕಟ್ಟಿದವರಿಗೆ ರೊಕ್ಕ ತಿರುಗಿ ಕೊಡು" ಎಂದರು. ಮಹಾಂತ ಗಲ್ಲೆಗೆ ಕೈ ಹಾಕಿದ. ಶಿವಶರಣ ಚಟ್ಟನೆ ಅವನ ಕೈ ಹಿಡಿದರು. "ಇವತ್ತ ಅಲ್ಲೋ! ಯವ್ವಾ, ನಾಳೆ ಬಾ."

ಮೂವರೂ ನಕ್ಕರು. ಮಹಾಂತನೂ ನಕ್ಕ, ಸ್ವಲ್ಪ ತಡವಾಗಿ.

ಶನಿವಾರ ಸುಮನ ಮತ್ತೆ ಹೋಗಿ ದುಡ್ಡು ತಂದು, ದಂಡ ಕಟ್ಟಿದ್ದ ಒಂದೊಂದೇ ಮನೆಗೆ ಮುಟ್ಟಿಸಿದರು. ಅವತ್ತಿನಿಂದ ಅವರ ಕೆಲಸದ ರೀತಿಯೂ ಒಂಚೂರು ಬದಲಾಗಿದೆ. ಗಡುವು ಶುಕ್ರವಾರ ಬರುವಂತಿದ್ದರೆ ಬುಧವಾರಕ್ಕೇ ವಸೂಲಿ ಮುಗಿಸಿ, ಗುರುವಾರದ ಮೊದಲ ಬಸ್ಸಿಗೆ ಹೋಗಿ ಕಟ್ಟಿಬಿಡಬೇಕು ಎಂದು ಗೊತ್ತುಮಾಡಿಕೊಂಡಿದ್ದಾರೆ. "ಮಂದಿ ಲಕ್ಷ್ಮೀನ್ನ ನನ್ನ ಜಗಲಿ ಮ್ಯಾಲ ಇಟ್ಕೊಳ್ಳಾಂಗಿಲ್ರಿ. ರುಕ್ಮವ್ವ ಆಯಿ ಅದನ್ನ ಕಲಿಸಿದಳು."

ಆಸೆ ಏನಾದರೂ ಇದೆಯೇ ಎಂದರೆ, ಎತ್ತರದ ಎರಡು ಕಬ್ಬಿಣದ ಕಂಬ ಬೇಕು ಅನ್ನುತ್ತಾರೆ. ಗಿರಣಿ ಓಣಿಯ ಎರಡು ಬದಿಗೆ ನೆಟ್ಟರೆ ಕಣಿಕೆಯ ಹೇರು ತನ್ನಷ್ಟಕ್ಕೆ ಹೋಗುತ್ತದೆ, ದೋಟಿ ಕುರಿಗಳಿಗೆ ವಾಪಸು ಸಿಗುತ್ತದೆ. ಶಿವಶರಣ "ನೋಡೂಣು" ಎಂದಿದ್ದಾರಂತೆ. ಆ "ನೋಡೂಣು"ವಿಗೂ ಈಗ ಎರಡು ವರ್ಷ.

ಬಿಸಿಲು ಏರಿದೆ. ನಿಚ್ಚಣಿಕೆ ಗೋಡೆಗೆ ಒರಗಿಸಿ ಸುಮನ ಈ ತಿಂಗಳ ವಸೂಲಿಗೆ ಹೊರಡುತ್ತಾರೆ. ಮೊದಲ ಮನೆ ರುಕ್ಮವ್ವನದು. ಹೊಸ್ತಿಲಾಚೆ ನಿಂತವರನ್ನು ಕಂಡು ಒಳಗಿಂದ ಗದರಿಕೆ ಬರುತ್ತದೆ: "ಬೀಗರಾಗಿ ಬಂದೀಯೇನು, ಕರೀಬೇಕೇನು? ಒಳಗ ಬಾ, ಕುಂದ್ರು." ಟೀವಿ ಹಾಡುತ್ತಿದೆ. ಚಹಾ ಬರುತ್ತದೆ. ರುಕ್ಮವ್ವ ಮಡಚಿದ ನೋಟುಗಳನ್ನು ಸುಮನರ ಅಂಗೈಯಲ್ಲಿಟ್ಟು ಬೆರಳು ಮುಚ್ಚುತ್ತಾರೆ.

ಹೊರಗೆ ಬಂದ ಮೇಲೆ ಸುಮನ ಮುಂದಿನ ಮನೆಯತ್ತ ನಡೆಯುತ್ತಾರೆ. ಹೋಗುತ್ತ, ಯಾರೂ ಕೇಳದಿದ್ದರೂ ಹೇಳುತ್ತಾರೆ:

"ಪಾವತಿ ಬ್ಯಾಡ ಅಂದಳ್ರಿ ಆಯಿ. ನಾ ಆದರೂ ಬರದು ಕೊಟ್ಟೇನಿ."