ಹೊಳೆ ಉಳಿಸಿಕೊಂಡಿದ್ದ ಮರಗಳು

ಇವತ್ತು ಅರಕಲಗೂಡಿನ ಬಸ್ಸಿನ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಬಂತು. ಬಾಯೆಲ್ಲ ಕಹಿಯಾಯಿತು.

ನಾನು ಚಿಕ್ಕವಳಿದ್ದಾಗ ನಮ್ಮೂರಿನ ಹತ್ತಿರ ಹೇಮಾವತಿಯ ಮಧ್ಯೆ ಒಂದು ನಡುಗಡ್ಡೆಯಿತ್ತು. ಅದರ ತುಂಬ ಬಂಡೆಗಳನ್ನು ಬೇರಿನಿಂದ ತಬ್ಬಿ ನಿಂತ ಹೊಳೆಮತ್ತಿ ಮರಗಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಸೌದೆ ಬೇಕೆಂದು ಅಪ್ಪ ಕೊಡಲಿ ಮಸೆದರು.

“ಒಳೆ ಮಿಕ್ಕ ಗಿಡಾನೆಲ್ಲ ಕಿತ್ತಾಕಿ ಇವನ್ನ ಮಾತ್ರ ಉಳಿಸ್ಕೊಂಡೈತೆ ಕಣ್ಲಾ, ಕಡೀಬ್ಯಾಡ,” ಎಂದರು ಅಜ್ಜಿ.

“ಸುಮ್ಕಿರವ್ವಾ, ನೀಲಗಿರಿ ಆಕ್ತೀನಿ. ಬಿರ್ನೆ ಬೆಳೀತದೆ.”

ಮತ್ತಿ ಕಡಿದು ನೆಟ್ಟ ನೀಲಗಿರಿ ಬೇಗನೇ ಬೆಳೆಯಿತು. ಮೂರನೆಯ ಮಳೆಗಾಲದ ನೆರೆ ಅದನ್ನು ಬೇರುಸಮೇತ, ಮಣ್ಣುಸಮೇತ ಒಯ್ದಿತು. ಈಗ ಅಲ್ಲಿ ಬರೀ ಬಂಡೆ.

ಅಪ್ಪ ಇವತ್ತಿಗೂ ಹೊಳೆಯನ್ನೇ ಬೈಯುತ್ತಾರೆ. ನಾನು ಅಪ್ಪನನ್ನು ಬೈಯಲಾರೆ. ಅಂದು ಮರ ಕಡಿಯುವವರಿಗೆ ಕುಣಿಯುತ್ತ ಮುದ್ದೆ ಹೊತ್ತುಕೊಂಡು ಹೋದವಳು ನಾನೇ.