ರಕ್ತ ಕಮ್ಮಿ ಇದ್ದ ಕೂಸು

"ನಮ್ ಅಟ್ಟೀಲಿ ಹೆಣ್ಣೈಕ ಡಿಗ್ರಿ ಓದದುಂಟಾ? ಆಗದೋಗದ ಮಾತಾಡ್ಬೇಡ" ಎಂದವರು ನನ್ನ ಸೋದರಮಾವ. ಹನೂರಿನಾಚೆಯ ನಮ್ಮೂರಲ್ಲಿ ಮನೆಗೆ ಹಟ್ಟಿ ಅನ್ನುತ್ತೇವೆ. ನಮ್ಮ ಹಟ್ಟಿಯಲ್ಲಿ ಪಿಯುಸಿ ದಾಟಿದವರು ಯಾರೂ ಇರಲಿಲ್ಲ. ನಾನು ದಾಟಿದೆ, ಡಿಗ್ರಿಯನ್ನೂ ಓದಿದೆ. ಹೆಣ್ಣಾಗಿ ಉಳಿಯುವುದು ಮಾತ್ರ ನನ್ನಿಂದ ಆಗಲಿಲ್ಲ.

ಡಿಗ್ರಿ ಓದಲು ಬಂದ ನನ್ನನ್ನು ಬೆಂಗಳೂರು ಬೆಚ್ಚಿಬೀಳಿಸಿದ್ದು ಕೆಂಗೇರಿಯಲ್ಲಿ ಹತ್ತಿದ ಬಸ್ಸಿನಲ್ಲಿ. ಕೂದಲು ಕತ್ತರಿಸಿಕೊಂಡು, ಪ್ಯಾಂಟು ಶರ್ಟು ತೊಟ್ಟು, ಹಳೇ ಅಭ್ಯಾಸದಂತೆ ಹೆಂಗಸರ ಸೀಟಿನಲ್ಲಿ ಕೂತಿದ್ದೆ. ಕಂಡಕ್ಟರ್ ಗದರಿದರು: "ಏಯ್ ಗುರು, ಲೇಡೀಸ್ ಸೀಟು ಅಂತ ಕಾಣಲ್ವಾ? ಎದ್ದೇಳು ಮೇಲೆ!" ನಮ್ಮ ಕಡೆ ಗುರು ಎಂದರೆ ಮಠದಲ್ಲಿ ಇರುವವರು, ಕಾಲಿಗೆ ಬೀಳಬೇಕು. ಇಲ್ಲಿ ಮೀಸೆ ಬಾರದ ಹುಡುಗನೂ ಗುರುವೇ. ಎದ್ದೆ. ವಿಜಯನಗರ ಬರುವವರೆಗೆ ಕಂಬಿ ಹಿಡಿದು ನಿಂತು ಒಳಗೊಳಗೇ ನಗುತ್ತಿದ್ದೆ.

ಊರಲ್ಲಿ ಯಾರ ಮಗಳು ಎಂದು ಕೇಳದೆ ಯಾರೂ ಮಾತು ಮುಂದುವರಿಸುವುದಿಲ್ಲ. ಇಲ್ಲಿ ಕೇಳುವುದು ಒಂದೇ, ಫ್ಯಾಮಿಲಿಯೋ ಬ್ಯಾಚುಲರೋ. ಕೆಂಗೇರಿ ಉಪನಗರದ ಹುಡುಗಿಯರ ಪೀಜಿ ಬಿಟ್ಟು ಶ್ರೀಗಂಧದ ಕಾವಲಿನಲ್ಲಿ ರೂಮು ಕೇಳಿದಾಗ ಮನೆ ಓನರ್ ಆಂಟಿ ಮುಖ ಸಿಂಡರಿಸಿದರು.

"ಬ್ಯಾಚುಲರ್ಸ್‌ಗೆ ಕೊಡಲ್ಲಪ್ಪ. ಇವತ್ತು ಸಿಗರೇಟು, ನಾಳೆ ಬೀರು, ಆಮೇಲೆ ಹುಡುಗೀರು."

"ಹುಡುಗೀರು ಯಾರೂ ಬರಲ್ಲ ಆಂಟಿ."

"ಎಲ್ಲಾ ಮುಂಡೇವೂ ಮೊದ್ಲು ಇದನ್ನೇ ಹೇಳೋದು."

ಗಂಡು ಎಂದು ಬೈಸಿಕೊಂಡ ಆ ಸುಖವನ್ನು ಯಾರಿಗೆ ಹೇಳಲಿ? ಕೊನೆಗೆ ಟೆರೇಸಿನ ಮೇಲೆ, ಸಿಂಟೆಕ್ಸ್ ಟ್ಯಾಂಕಿನ ಪಕ್ಕದ ರೂಮು ಕೊಟ್ಟರು. ಬೆಳಿಗ್ಗೆ ಕಾಲೇಜು, ಸಂಜೆ ಮಾಗಡಿ ರಸ್ತೆಯ ಕೊರಿಯರ್ ಗೋಡೌನಿನಲ್ಲಿ ಕೆಲಸ. ಆಸೆ ಒಂದೇ ಇತ್ತು. ಡಿಗ್ರಿ ಕೈಗೆ ಬಂದ ದಿನ, ನಾನೇ ಇಟ್ಟುಕೊಂಡ ಹೆಸರಿನಲ್ಲಿ, ಮಾದೇಶನಾಗಿ ಊರಿಗೆ ಹೋಗಬೇಕು, ಮಾವನ ಜಗಲಿಯ ಮೇಲೆ ಕೂರಬೇಕು.

ಮಾನಸಿಕ ತಜ್ಞರ ಬಳಿ ಮಾತು, ರಕ್ತ ಪರೀಕ್ಷೆ ಎಲ್ಲ ಮುಗಿದ ಮೇಲೆ ಹಾರ್ಮೋನ್ ಡಾಕ್ಟರು ಗಂಡು ಹಾರ್ಮೋನಿನ ಇಂಜೆಕ್ಷನ್ ಶುರು ಮಾಡಿದರು. ಮೊದಲು ಹಸಿವು ಬಂತು, ಎಂಥ ಹಸಿವು! ದರ್ಶಿನಿಯ ಒಂದು ಪ್ಲೇಟು ಚಿತ್ರಾನ್ನ ನಾಲಿಗೆಗೂ ಸಾಲದು. ಮುಖದ ತುಂಬ ಮೊಡವೆ ಎದ್ದವು. ತಿಂಗಳ ಮುಟ್ಟು ನಿಂತಿತು; ಅವತ್ತು ಬಚ್ಚಲಲ್ಲಿ ಕೂತು ಅತ್ತೆ, ಸಂತೋಷಕ್ಕೆ. ಆಮೇಲೆ ಗಡ್ಡ ಚಿಗುರಿತು, ದನಿ ಒಡೆಯಿತು.

ಫೋನಿನಲ್ಲಿ ಅವ್ವ ಕೇಳಿದಳು, "ನೆಗಡೀನಾ ಕೂಸು?"

"ಹೂಂ ಕನವ್ವ."

ಮುಂದಿನ ವಾರವೂ ಕೇಳಿದಳು. ವರ್ಷ ಕಳೆದರೂ ಕೇಳುತ್ತಲೇ ಇದ್ದಳು, "ನೆಗಡಿ ಇನ್ನೂ ಓಗ್ನಿಲ್ವಾ?" ಮೆಣಸಿನ ಕಷಾಯ ಕುಡಿ ಎನ್ನುತ್ತಿದ್ದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ.

ಎರಡನೇ ವರ್ಷ ತಲೆನೋವು ಹಿಡಿಯಿತು. ಮುಖ ಸದಾ ಕೆಂಪು, ಮೆಟ್ಟಿಲು ಹತ್ತಿದರೆ ಸುಸ್ತು. "ರಕ್ತ ಕಮ್ಮಿ ಆಗದ ಕನ" ಎಂದಳು ಅವ್ವ ಫೋನಿನಲ್ಲಿ, "ಚಿಕ್ಕಂದಿಂದ್ಲೂ ನಿಂಗದೇ ಅಲ್ವಾ." ನಮ್ಮೂರಲ್ಲಿ ಹೆಣ್ಣುಮಕ್ಕಳಿಗೆ ಬರುವ ಕಾಯಿಲೆ ಇದೊಂದೇ. ತಲೆ ಸುತ್ತಿದರೂ ರಕ್ತ ಕಮ್ಮಿ, ಪರೀಕ್ಷೆಯಲ್ಲಿ ಫೇಲಾದರೂ ರಕ್ತ ಕಮ್ಮಿ. ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಕಬ್ಬಿಣಾಂಶದ ಮಾತ್ರೆ ಈಸಿಕೊಂಡು, ರಾಗಿಹಿಟ್ಟು ಮತ್ತು ನುಗ್ಗೆಸೊಪ್ಪಿನ ಪುಡಿಯ ಜೊತೆ ಕಟ್ಟಿ ಕಳಿಸಿದಳು. ಅವಳಿಗೆ ತೋರಿಸಲಾಗದ ಈ ಮೈಗೆ ಅವಳು ಕಳಿಸಿದ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ ನುಂಗಿದೆ.

ಮತ್ತೆ ಮಾಡಿಸಿದ ರಕ್ತ ಪರೀಕ್ಷೆಯ ರಿಪೋರ್ಟು ನೋಡಿದ ಡಾಕ್ಟರು ಕನ್ನಡಕ ತೆಗೆದರು. "ಬೇರೆ ಏನಾದ್ರೂ ತಗೋತಾ ಇದೀಯಾ?"

"ಐರನ್ ಮಾತ್ರೆ ಮೇಡಂ. ಅಮ್ಮ ಕಳಿಸಿದ್ದು. ರಕ್ತ ಕಮ್ಮಿ ಅಂತ."

"ಅಯ್ಯೋ, ಕಮ್ಮಿ ಅಲ್ಲಪ್ಪ, ಜಾಸ್ತಿ ಆಗಿದೆ. ಈ ಇಂಜೆಕ್ಷನ್ನಲ್ಲಿ ಕೆಲವರಿಗೆ ಹೀಗಾಗುತ್ತೆ, ರಕ್ತ ಗಟ್ಟಿ ಆಗುತ್ತೆ. ಅದರ ಮೇಲೆ ನೀನು ಐರನ್ ಬೇರೆ ತಿಂದಿದೀಯ. ಮನೇಲಿ ಯಾರಿಗಾದ್ರೂ ಸ್ಟ್ರೋಕ್ ಆಗಿತ್ತಾ?"

ಅಪ್ಪ ಲಕ್ವ ಹೊಡೆದು ಸತ್ತಿದ್ದು ಹೊಲದ ಬದುವಿನ ಮೇಲೆ. ಆಗ ಅವನ ತಲೆಯಲ್ಲಿ ಒಂದು ಕೂದಲೂ ಬೆಳ್ಳಗಾಗಿರಲಿಲ್ಲ. ಹೇಳಿದೆ.

"ಹಾಗಾದ್ರೆ ಈಗ ನಿಲ್ಸೋಣ. ಆಮೇಲೆ ಸಣ್ಣ ಡೋಸಲ್ಲಿ ಶುರು ಮಾಡಬಹುದೇನೋ. ಗ್ಯಾರಂಟಿ ಕೊಡಲ್ಲ."

"ನಿಲ್ಸಿದ್ರೆ?"

"ಪೀರಿಯಡ್ಸ್ ವಾಪಸ್ ಬರಬಹುದು. ದನಿ ಮಾತ್ರ ಹೀಗೇ ಇರುತ್ತೆ."

ನನ್ನ ತೋಳಿನಿಂದ ಒಂದು ಚೀಲ ರಕ್ತ ತೆಗೆದರು. ಯಾರಿಗೆ ಕೊಡುತ್ತೀರಿ ಎಂದು ನರ್ಸಮ್ಮನನ್ನು ಕೇಳಿದೆ. "ಕೊಡೋಕಲ್ಲಪ್ಪ, ಬಿಸಾಕೋಕೆ" ಎಂದರು. ಒಂದೊಂದು ಹನಿ ರಕ್ತಕ್ಕೂ ಅವ್ವ ಸೊಪ್ಪು ಹುಡುಕಿದ್ದು ನೆನಪಾಯಿತು.

ತಲೆನೋವು ಹೋಯಿತು. ಕೆಲವು ತಿಂಗಳಲ್ಲಿ ಮುಟ್ಟು ಮರಳಿತು. ಗೋಡೌನಿನ ಗಂಡಸರ ಶೌಚಾಲಯದಲ್ಲಿ ಚಿಲಕ ಹಿಡಿದು ನಿಂತಿದ್ದೆ. ಹೊರಗಿನಿಂದ ಜೊತೆಯ ಹುಡುಗ ಬಾಗಿಲು ಬಡಿಯುತ್ತಿದ್ದ: "ಏನ್ ಮಗಾ, ಒಳಗೇ ಬಾಡಿಗೆಗೆ ಇದೀಯಾ?" ನಗಲಾಗಲಿಲ್ಲ. ಗಡ್ಡ ಬೆಂಗಳೂರಿನದು, ಮುಟ್ಟಿನ ನೋವು ಊರಿನದು, ಎರಡೂ ಒಂದೇ ಮೈಯಲ್ಲಿ. ಬದುಕಬೇಕೆಂದರೆ ಹೀಗೆಯೇ ಬದುಕಬೇಕು ಎನ್ನುವುದಾದರೆ ಯಾಕೆ ಬದುಕಬೇಕು ಎಂದು ಅವತ್ತು ಅನ್ನಿಸಿತು. ಈಗಲೂ ಕೆಲವು ದಿನ ಅನ್ನಿಸುತ್ತದೆ.

ಪದವಿ ಕೊಡುವ ದಿನ ಅವ್ವ ಒಬ್ಬಳೇ ಬಸ್ಸು ಹತ್ತಿ ಬಂದಳು. ನನ್ನನ್ನು ನೋಡದೆ ಮೂರು ವರ್ಷವಾಗಿತ್ತು. ಕಾಲೇಜಿನ ಗೇಟಿನಲ್ಲಿ ನನ್ನನ್ನು ದಾಟಿಕೊಂಡೇ ಹೋದಳು. "ಅವ್ವಾ" ಎಂದೆ. ದನಿ ಕೇಳಿ ತಿರುಗಿದಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಬೆವರಿಲ್ಲದ ನನ್ನ ಹಣೆಯನ್ನು ಸೆರಗಿನಿಂದ ಒರೆಸಿದಳು.

ವೇದಿಕೆಯಲ್ಲಿ ಹಳೇ ಹೆಸರು ಕೂಗಿದರು. ಹತ್ತನೇ ಕ್ಲಾಸಿನ ಅಂಕಪಟ್ಟಿಯ ಹೆಸರು ಇನ್ನೂ ಬದಲಾಗಿರಲಿಲ್ಲ. ಗಡ್ಡದವನೊಬ್ಬ ಹುಡುಗಿಯ ಹೆಸರಿಗೆ ಎದ್ದು ಬರುವುದನ್ನು ಕಂಡು ಹಿಂದಿನ ಸಾಲುಗಳು ನಕ್ಕವು. ತಲೆ ಬಗ್ಗಿಸಲಿಲ್ಲ. ನಮ್ಮ ವಂಶದ ಮೊದಲ ಡಿಗ್ರಿ ಅದು. ನಡೆದೇ ಹೋಗಿ ಎರಡೂ ಕೈಯಲ್ಲಿ ತೆಗೆದುಕೊಂಡೆ.

ಕೆಳಗಿಳಿದು ಅದನ್ನು ಅವ್ವನ ಕೈಗಿಟ್ಟೆ. ಓದು ಬಾರದವಳು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಮಡಿಸದೆ, ಜೋಪಾನವಾಗಿ ಸೀರೆ ಅಂಗಡಿಯ ಕವರಿನೊಳಗೆ ಇಟ್ಟಳು.

"ಇದ ನಾ ಊರ್ಗೆ ತಕ್ಕೊಂಡೋಯ್ತೀನಿ. ನಿಮ್ ಮಾವುನ್ ಮುಂದ ಹಿಡಿತೀನಿ" ಎಂದಳು.

"ನಾನೂ ಬತ್ತೀನಿ ಕನವ್ವ."

ಅವ್ವ ಕವರನ್ನು ಎದೆಗೆ ಒತ್ತಿಕೊಂಡಳು. ನನ್ನ ಕಡೆ ನೋಡಲಿಲ್ಲ.

"ನೀನು ನೆಗಡಿ ವಾಸಿಯಾದ್ಮೇಲೆ ಬಾ ಕೂಸು."