ಆಡಿಯೊ ಫೈಲಿನೊಳಗಿನ ಅಜ್ಜಿ

ಆ ಹುಡುಗಿ ಕಳಿಸಿದ ಆಡಿಯೊ ಫೈಲಿಗೆ ಮುಖಚಿತ್ರವಿತ್ತು. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ.

ದೆಹಲಿಯ ನಮ್ಮ ಕನ್ನಡ ಬಳಗದ ವಾರ್ಷಿಕ ಸಮಾರಂಭದಲ್ಲಿ ಮಿಮಿಕ್ರಿಗೆ ಇರುವುದು ಒಂದೇ ಒಂದು ಅವಕಾಶ. ಸನ್ಮಾನಗಳೆಲ್ಲ ಮುಗಿದು ಊಟ ತಯಾರಾಗುವ ತನಕ ಜನ ಎದ್ದು ಹೋಗದಂತೆ ಹಿಡಿದಿಡುವ ಕೆಲಸ ಅದು. ಮುನಿರ್ಕಾದ ಬಾಡಿಗೆ ಕೋಣೆಯಲ್ಲಿ ಕೂತು ಪಿಎಚ್‌ಡಿ ಮಾಡುತ್ತಿದ್ದೇನೆಂದು ಮನೆಯವರನ್ನು ನಂಬಿಸಿರುವ ನನಗೆ, ಈ ಊರಿನಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಹತ್ತು ನಿಮಿಷ ಮಾತ್ರ. ಬಂದಾಗಿನಿಂದ ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಈ ಸಲ ನಮ್ಮ ಕಾರ್ಯದರ್ಶಿಗಳು ಸ್ಪರ್ಧೆ ಇಟ್ಟುಬಿಟ್ಟರು. ಸರ್ಕಾರಿ ನೌಕರಿಯಿಂದ ನಿವೃತ್ತರಾದರೂ ಸುತ್ತೋಲೆ ಬರೆಯುವ ಚಟದಿಂದ ನಿವೃತ್ತರಾಗದ ಮನುಷ್ಯ ಅವರು. ‘ಧ್ವನಿಮುದ್ರಣವನ್ನು ಭಾವಚಿತ್ರಸಹಿತ ಕಳುಹಿಸತಕ್ಕದ್ದು’ ಎಂದು ಎಲ್ಲರ ಮೊಬೈಲಿಗೂ ಆಜ್ಞೆ ಹೋಯಿತು. ಬಂದ ಫೈಲುಗಳನ್ನು ಜೋಡಿಸಿಡುವ ಕೆಲಸಕ್ಕೆ ಕಂಪ್ಯೂಟರ್ ಬಲ್ಲವನೆಂದು ನನ್ನನ್ನೇ ನೇಮಿಸಿದರು. ಪರೀಕ್ಷೆ ಬರೆದವನ ಕೈಗೇ ಎಲ್ಲರ ಉತ್ತರ ಪತ್ರಿಕೆ ಕೊಟ್ಟ ಹಾಗೆ. ನಾನು ಬಾಯಿಮಾತಿಗೂ ಬೇಡ ಅನ್ನಲಿಲ್ಲ.

ಒಂದೊಂದಾಗಿ ಕೇಳಿದೆ. ಒಬ್ಬರು ಕುಕ್ಕರಿನ ಸೀಟಿ ಹೊಡೆದಿದ್ದರು. ನೋಯ್ಡಾದ ಒಬ್ಬಾತ ತನ್ನ ಮ್ಯಾನೇಜರನ್ನು ಅಣಕಿಸಿದ್ದ. ಆ ಮ್ಯಾನೇಜರನ್ನು ಹೆತ್ತವರಿಗೂ ಗುರುತು ಸಿಗುವ ಹಾಗಿರಲಿಲ್ಲ. ಕಾಲು ಚಾಚಿ ಚಹಾ ಕುಡಿದೆ. ಆಮೇಲೆ ಅವಳದು ಬಂತು.

ಅವಳು ವಸಂತ್ ಕುಂಜ್‌ನಲ್ಲಿ ಹುಟ್ಟಿ ಬೆಳೆದವಳು, ಪ್ರೊಫೆಸರೊಬ್ಬರ ಮಗಳು. ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ಎರಡು ಮಾತಿಗೊಂದು ಅಚ್ಛಾ ಬರುತ್ತದೆ. ಹಿಂದಿನ ವರ್ಷ ನನ್ನನ್ನು ‘ಊಟ ಖತಮ್ ಆಯ್ತಾ’ ಎಂದು ಕೇಳಿದವಳು. ಆದರೆ ಈ ಫೈಲಿನಲ್ಲಿ ಒಬ್ಬ ಮುದುಕಿ ತರಕಾರಿ ಭಯ್ಯಾನ ಜೊತೆ ಜಗಳಕ್ಕೆ ನಿಂತಿದ್ದಳು. ಬೈಯುವುದೆಲ್ಲ ಕನ್ನಡದಲ್ಲಿ, ಚೌಕಾಸಿ ಮಾತ್ರ ಹಿಂದಿಯಲ್ಲಿ. ಮೂಗಿನಲ್ಲಿ ಎಳೆಯುವ ರಾಗ, ನಡುನಡುವೆ ಕಟ್ಟಿಸಿದ ಹಲ್ಲು ಕಟಕ್ ಅನ್ನುವ ಸದ್ದು. ಅರ್ಧದವರೆಗೆ ಹೊಟ್ಟೆಕಿಚ್ಚು ಪಡುವುದನ್ನೂ ಮರೆತು ನಕ್ಕೆ. ನೆನಪಾದ ಮೇಲೆ ಎರಡರಷ್ಟು ಪಟ್ಟೆ.

ಆಗ ಪರದೆಯ ಮೇಲಿನ ಪಟ್ಟಿ ಕಣ್ಣಿಗೆ ಬಿತ್ತು. ಎಲ್ಲರ ಫೈಲಿನ ಪಕ್ಕದಲ್ಲೂ ಬೂದುಬಣ್ಣದ ಸಂಗೀತದ ಗುರುತಿದ್ದರೆ, ಅವಳದರ ಪಕ್ಕ ಉಗುರಿನಷ್ಟು ದೊಡ್ಡ ಚಿತ್ರ. ಸೀರೆಯುಟ್ಟ ಹೆಂಗಸು, ಬಾಯಿಯ ಹತ್ತಿರ ಮೈಕಿನಂಥದ್ದೇನೋ. ಮನೆಯಲ್ಲಿ ರೆಕಾರ್ಡ್ ಮಾಡಿದ್ದಕ್ಕೆ ಯಾರಾದರೂ ಮುಖಚಿತ್ರ ಹಾಕುತ್ತಾರೆಯೇ? ಮಾರಾಟಕ್ಕೆ ಬಿಟ್ಟ ಹಾಡುಗಳಿಗಿರುತ್ತದೆ, ಹಳೆಯ ರೇಡಿಯೊ ನಾಟಕಗಳಿಗಿರುತ್ತದೆ. ಸಿಕ್ಕಿಬಿದ್ದಳು ಅಂದುಕೊಂಡೆ.

ಚಿತ್ರವನ್ನು ಹಿಗ್ಗಿಸಿದರೆ ಬರೀ ಮಸುಕು. ಅದನ್ನು ಹೊರಕ್ಕೇ ತೆಗೆಯಬೇಕಿತ್ತು. ಆದೇಶಗಳನ್ನು ಟೈಪ್ ಮಾಡುವ ಕಪ್ಪು ಪರದೆ ತೆರೆದು, ಎಫ್‌ಎಫ್‌ಎಂಪೆಗ್ ಎಂಬ ಉಪಕರಣಕ್ಕೆ ಫೈಲಿನ ಹೆಸರು ಟೈಪ್ ಮಾಡಿದೆ. ಹಾಗೆ ಮಾಡಿದರೆ ಫೈಲಿನ ಹೊಟ್ಟೆಯಲ್ಲಿ ಏನೇನಿದೆ ಎಂದು ಅದು ಸಾಲುಸಾಲಾಗಿ ಹೇಳುತ್ತದೆ. ಅಂಥ ಫೈಲೇ ಇಲ್ಲ ಎಂದಿತು. ಅವಳು ಹೆಸರಿಟ್ಟದ್ದು ‘ಫೈನಲ್ ವಾಲಾ ಫೈನಲ್’ ಎಂದು, ನಡುವೆ ಖಾಲಿ ಜಾಗ ಬಿಟ್ಟು. ಕಂಪ್ಯೂಟರ್ ಅದನ್ನು ಬೇರೆಬೇರೆ ಫೈಲುಗಳೆಂದು ತಿಳಿದಿತ್ತು. ಇದೂ ನನ್ನ ದಾರಿ ತಪ್ಪಿಸಲೆಂದೇ ಮಾಡಿದ್ದು ಎಂದು ನಾನು ನಂಬಿದೆ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೂರಿಸಿ ಮತ್ತೆ ಒತ್ತಿದೆ. ಮೊದಲ ಸಾಲು: ಆಡಿಯೊ. ಎರಡನೆಯದು: ವಿಡಿಯೊ. ಅವಳೇ ಮಾತಾಡುವ ವಿಡಿಯೊ ಸಾಕ್ಷಿಯೂ ಒಳಗಿದೆಯೇ ಅಂದುಕೊಂಡೆ. ಆಮೇಲೆ ತಿಳಿಯಿತು, ಅಂಟಿಸಿದ ಚಿತ್ರವನ್ನೂ ಅದು ವಿಡಿಯೊ ಲೆಕ್ಕಕ್ಕೇ ಹಿಡಿಯುತ್ತದಂತೆ. ಆಡಿಯೊ ಬಿಟ್ಟುಬಿಡು, ಚಿತ್ರವನ್ನು ಇದ್ದ ಹಾಗೇ ನಕಲು ಮಾಡು ಎಂದು ಒಂದೇ ಸಾಲಿನಲ್ಲಿ ಆದೇಶ ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಪೂರ್ತಿ ಚಿತ್ರ ಫೋಲ್ಡರಿನಲ್ಲಿತ್ತು.

ಅದು ರೇಡಿಯೊ ನಿಲಯವಲ್ಲ, ಅಡುಗೆಮನೆ. ಮೈಕು ಮೈಕಲ್ಲ, ಸೌಟು. ಒಬ್ಬ ಅಜ್ಜಿ ಕಣ್ಣು ಅರ್ಧ ಮುಚ್ಚಿ ಸಾರಿನ ರುಚಿ ನೋಡುತ್ತಿದ್ದರು.

ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ನನ್ನ ಅನುಮಾನ ಮಾತ್ರ ಹೊಸ ಬಟ್ಟೆ ಹಾಕಿಕೊಂಡು ಬಂತು: ಹಾಗಾದರೆ ಇದು ಅಜ್ಜಿಯದೇ ನಿಜವಾದ ಧ್ವನಿ. ಮೊಮ್ಮಗಳು ಬಾಗಿಲ ಮರೆಯಲ್ಲಿ ನಿಂತು ಗುಂಡಿ ಒತ್ತಿದ್ದಾಳೆ, ಅಷ್ಟೇ.

ಅವರ ಮನೆಗೆ ಫೋನ್ ಮಾಡಿದೆ, ಕಾರ್ಯದರ್ಶಿಗಳ ಧ್ವನಿಯಲ್ಲಿ. ಎತ್ತಿದವರು ಅಜ್ಜಿಯೇ, ಅದೇ ಮೂಗು, ಅದೇ ಹಲ್ಲು. ತರಕಾರಿಯವನ ಜೊತೆಗಿನ ಜಗಳದ ರೆಕಾರ್ಡಿಂಗ್ ಬಹಳ ಸೊಗಸಾಗಿದೆ ತಾಯೀ ಎಂದೆ.

“ನನ್ನ ಜಗಳ ನಿಮ್ಮ ಕೈಗೆ ಹೇಗೆ ಸಿಕ್ತು?”

ನನ್ನ ಜಗಳ ಎಂದುಬಿಟ್ಟರಲ್ಲ! ಕೋಣೆಯಲ್ಲಿ ಒಬ್ಬನೇ ಕುಣಿದೆ. ಅದು ಸ್ಪರ್ಧೆಗೆ ಬಂದದ್ದು, ಭಾನುವಾರ ಕಾರ್ಯದರ್ಶಿಗಳ ಮನೆಯಲ್ಲೇ ಆಯ್ಕೆ ಎಂದು ನಾನು ತಿಳಿಸಿದಾಗ, ತಾನೂ ಬಂದು ಅದೇನೆಂದು ಕೇಳಿಯೇ ಹೋಗುತ್ತೇನೆ ಎಂದು ಅಜ್ಜಿ ಫೋನಿಟ್ಟರು.

ಭಾನುವಾರ ಮೊಮ್ಮಗಳ ಜೊತೆ ಬಂದವರೇ, ನೀವು ಫೋನ್ ಮಾಡಿ ತಿಳಿಸಿದ್ದು ಒಳ್ಳೆಯದಾಯಿತು ಎಂದು ಕಾರ್ಯದರ್ಶಿಗಳಿಗೆ ಹೇಳಿದರು. ತಾವು ಯಾವಾಗ ಫೋನ್ ಮಾಡಿದೆವೆಂದು ಅವರು ಯೋಚಿಸಿದರು. ಮೆಲ್ಲಗೆ ಕನ್ನಡಕ ಸರಿಮಾಡಿಕೊಂಡು ನನ್ನತ್ತ ತಿರುಗಿದರು. ನಾನು ಅವಸರದಲ್ಲಿ ಫೈಲು ಹಾಕಿದೆ.

ಅಜ್ಜಿ ಕೊನೆಯವರೆಗೂ ಕೇಳಿದರು. ಜಗಳವೇನೋ ತನ್ನದೇ, ಒಂದಕ್ಷರ ಆಚೀಚೆಯಾಗಿಲ್ಲ, ಆದರೆ ಧ್ವನಿ ತನ್ನದಲ್ಲ ಎಂದರು. “ನಾನ್ಯಾವತ್ತು ಹೀಗೆ ಮೂಗಲ್ಲಿ ಮಾತಾಡಿದೀನಿ?” ಎಂದು ಮೂಗಿನಲ್ಲೇ ಕೇಳಿದರು.

ನಾನು ಬಿಡಲಿಲ್ಲ. ಹಾಗಿದ್ದರೆ ಒಳಗಿನ ಚಿತ್ರ ಅಜ್ಜಿಯದು ಯಾಕೆ ಎಂದು ಹುಡುಗಿಯನ್ನು ಕೇಳಿದೆ. ಸುತ್ತೋಲೆಯಲ್ಲಿ ಭಾವಚಿತ್ರ ಬೇಕು ಅಂತಿತ್ತು, ಅಪ್ಪನನ್ನು ಕೇಳಿ ಅರ್ಥ ತಿಳಿದುಕೊಂಡೆ ಎಂದಳು. ಉಳಿದವರು ತಮ್ಮ ಫೋಟೋ ಬೇರೆಯಾಗಿ ಕಳಿಸಿದ್ದರೆ ಇವಳು ಫೈಲಿಗೇ ಅಂಟಿಸಿದ್ದಳು; ಯಾರ ಭಾವಚಿತ್ರವೆಂದು ಮಾತ್ರ ಕೇಳಿರಲಿಲ್ಲ.

“ನಾನ್ ಮಾಡಿದ್ ವಾಯ್ಸ್ ಅಜ್ಜೀದು. ತೋ ಫೋಟೋನೂ ಅಜ್ಜೀದೇ ಅಲ್ವಾ?”

ತರ್ಕ ಚೆನ್ನಾಗಿದೆ, ಈಗ ಇಲ್ಲೇ ಮಾಡಿ ತೋರಿಸಲಿ ಎಂದೆ. ಅಜ್ಜಿ ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು.

“ಅದೇನಪ್ಪಾ, ನಮ್ಮ ಹುಡುಗಿ ಮೇಲೆ ನಿಂಗೆ ಅಷ್ಟೊಂದು ಅನುಮಾನ?”

“ಅದೇನಪ್ಪಾ, ನಮ್ಮ ಹುಡುಗಿ ಮೇಲೆ ನಿಂಗೆ ಅಷ್ಟೊಂದು ಅನುಮಾನ?” ಅದೇ ಮಾತು ಹಿಂದಿನಿಂದ ಇನ್ನೊಮ್ಮೆ ಬಂತು, ಹಲ್ಲಿನ ಕಟಕ್ ಸಮೇತ. ಅಜ್ಜಿಯೇ ಬೆಚ್ಚಿ ತಿರುಗಿ ನೋಡಿದರು. ಹುಡುಗಿ ಏನೂ ಅರಿಯದವಳಂತೆ ಬಿಸ್ಕತ್ತು ತಿನ್ನುತ್ತಿದ್ದಳು.

ಆ ಹತ್ತು ನಿಮಿಷ ಅಲ್ಲೇ ಅವಳ ಪಾಲಾಯಿತು. ನನಗೆ ಸಮಾರಂಭದ ದಿನ ಧ್ವನಿವರ್ಧಕ ನೋಡಿಕೊಳ್ಳುವ ಕೆಲಸ. ಹೊರಡುವಾಗ ಅಜ್ಜಿ, ತನಗೆ ಫೋನ್ ಮಾಡಿದವನು ಈ ಹುಡುಗನೇ ಇರಬೇಕು ಎಂದರು. ತಮ್ಮ ಧ್ವನಿಯ ಹಾಗೇ ಇತ್ತೇ ಎಂದು ಕಾರ್ಯದರ್ಶಿಗಳು ವಿಚಾರಿಸಿದರು.

“ನಿಮ್ಮದೇ ಥರ. ಮರ್ಯಾದೆ ಒಂಚೂರು ಜಾಸ್ತಿ ಇತ್ತು, ಅಷ್ಟೇ.”

ನನ್ನ ಮಿಮಿಕ್ರಿಗೆ ಅಷ್ಟು ನಿಖರವಾದ ವಿಮರ್ಶೆ ಅದಕ್ಕೆ ಮೊದಲು ಬಂದಿರಲಿಲ್ಲ.

ಸಮಾರಂಭದ ದಿನ ಅವಳು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಳು. ಬಾಯಿ ತೆರೆಯಲಿಲ್ಲ. ಸಭೆಯನ್ನು ದಾಟಿ ನೇರ ನನ್ನ ಮೇಜಿನತ್ತ, ವಾಲ್ಯೂಮಿನ ಮೇಲಿದ್ದ ನನ್ನ ಬೆರಳುಗಳತ್ತ ನೋಡಿದಳು. ಕಣ್ಣು ಕಿರಿದು ಮಾಡಿ ಅವಳು ನೋಡಿದ ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು; ಅದನ್ನು ಹೊತ್ತುಕೊಂಡೇ ಅಷ್ಟು ದಿನ ಓಡಾಡಿದ್ದೆ. ಪೊಲೀಸರ ಮುಂದೆ ಎತ್ತುವ ಹಾಗೆ ಎರಡೂ ಕೈ ಮೇಲೆತ್ತಿದೆ. ಅದಾದ ಮೇಲೆಯೇ ಅವಳು ಶುರು ಮಾಡಿದ್ದು.